ಹತ್ತೊಂಬತ್ತು ಗಾಡಿಗಳ ಹೊಗೆ

ಶಿರಹಟ್ಟಿ ಕಡೆಯ ಜನರನ್ನು ಹಿಡಿದು ‘ಗಾಡಿ’ ಎಂದರೇನು ಎಂದು ಕೇಳಿ ನೋಡಿ. ರೈಲೂ ಗಾಡಿಯೇ, ಬಸ್ಸೂ ಗಾಡಿಯೇ, ಮೋಟರ್‌ಸೈಕಲ್ಲೂ ಗಾಡಿಯೇ. ಗದಗ ಸ್ಟೇಷನ್ನಿನಲ್ಲಿ ನಿಂತು ‘ಗಾಡಿ ಬಂತು’ ಎಂದರೆ ಒಂದು, ಶಿರಹಟ್ಟಿಯ ಅಗಸಿ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದರೆ ಇನ್ನೊಂದು. ಹಾಗೆಂದು ಈ ಸೀಮೆಯಲ್ಲಿ ಯಾರೂ ತಪ್ಪು ಗಾಡಿ ಹತ್ತಿ ಕುಳಿತದ್ದಿಲ್ಲ. ನಿಂತ ಜಾಗ, ಹೇಳಿದ ಹೊತ್ತು, ಹೇಳಿದವರ ಮುಖ ನೋಡಿದರೆ ಎಲ್ಲ ತಿಳಿಯುತ್ತದೆ. ಕಾಗದಕ್ಕೆ ಮುಖ ಇರುವುದಿಲ್ಲ ನೋಡಿ, ಕೌಸರ ಕೆಟ್ಟದ್ದೇ ಅಲ್ಲಿ.

ಕೌಸರ ಶಿರಹಟ್ಟಿಯ ನಬಿಸಾಬನ ಮಗಳು. ನಬಿಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಮೂವತ್ತು ವರ್ಷ ಹತ್ತಿಯ ಧೂಳು ಕುಡಿದು ಕುಡಿದು ಅವನ ಎದೆಯಲ್ಲಿ ಈಗ ಮಾತಿಗಿಂತ ಕೆಮ್ಮೇ ಮೊದಲು ಏಳುತ್ತಿತ್ತು. ಮಗಳಿಗೆ ಅವನು ಹೇಳಿದ್ದು ಒಂದೇ ಮಾತು: “ನನ್ನ ಎದಿ ಇನ್ನೆರಡು ವರ್ಷ ತಡೀತೈತಿ. ಅಷ್ಟರಾಗ ನೀ ಒಂದು ಕೆಲಸ ಕಲಿ.” ಅವಳು ಆರಿಸಿಕೊಂಡ ಕೆಲಸ ರಕ್ತ ತೆಗೆಯುವುದು. ಗದಗಿನ ಯಾವುದಾದರೂ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂರಬೇಕು, ಬಂದವರು ನಂಬಿ ತನ್ನ ಮುಂದೆ ಕೈ ಚಾಚಬೇಕು. ಅವಳ ಆಸೆ ಎಂದರೆ ಇಷ್ಟೇ. ಇದೇನು ಅತಿಯಾಸೆಯೇ? ನನಗೇನೂ ಹಾಗೆ ಅನ್ನಿಸುವುದಿಲ್ಲ.

ಲಕ್ಷ್ಮೇಶ್ವರದಲ್ಲಿ ಎರಡು ಕೋಣೆಗಳ ಒಂದು ಕ್ಲಾಸು ನಡೆಯುತ್ತಿತ್ತು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ, ಎರಡು ವರ್ಷದ್ದು, ಬರೀ ಹೆಣ್ಣುಮಕ್ಕಳಿಗೆ. ನಡೆಸುತ್ತಿದ್ದುದು ಗದಗಿನ ಒಂದು ಸಂಸ್ಥೆ. ಅದರ ಹೆಸರು ನಾನು ಹೇಳುವುದಿಲ್ಲ, ಹೇಳಿದರೆ ಅವರಿಗೆ ಮತ್ತೊಂದು ಪ್ರಶಸ್ತಿ ಬಂದೀತು. ಕಲಿಸುವವಳು ಸುಮಿತ್ರವ್ವ, ಸರಕಾರಿ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಜನರ ರಕ್ತ ತೆಗೆದು ನಿವೃತ್ತಳಾದ ಗಟ್ಟಿ ಹೆಂಗಸು. ಅವಳು ಪುಸ್ತಕ ತೆರೆಯುತ್ತಿದ್ದುದು ಕಡಿಮೆ. ಹುಡುಗಿಯರನ್ನು ಜೋಡಿ ಜೋಡಿ ಕೂರಿಸಿ, ಓಢಣಿಯಿಂದ ಕಣ್ಣು ಕಟ್ಟಿ, ಎದುರಿನವಳ ಮೊಳಕೈ ಮಡಿಕೆಯಲ್ಲಿ ನರ ಹುಡುಕಿಸುತ್ತಿದ್ದಳು.

“ನರ ಕಣ್ಣಿಗೆ ಕಾಣ್ತೈತಿ ಅಂತ ಯಾವಾಕಿ ಹೇಳಿದಾಕಿ?” ಎಂದು ಬೈಯುತ್ತಿದ್ದಳು. “ದಪ್ಪನ ಕೈಯಾಗ ಕಾಣಂಗಿಲ್ಲ, ಕಪ್ಪನ ಕೈಯಾಗ ಕಾಣಂಗಿಲ್ಲ. ಮುದುಕೇರ ಕೈಯಾಗ ಕಂಡ್ರೂ ಜಾರಿ ಹೋಗ್ತೈತಿ. ಬೆರಳಿಗಿ ಕೇಳ್ರೆ, ಕಣ್ಣಿಗಲ್ಲ!”

ಮೊದಲ ವರ್ಷವೆಲ್ಲ ಬರೀ ಬೆರಳು. ಸೂಜಿ ಹಿಡಿಯುವುದು ಎರಡನೆಯ ವರ್ಷ, ಸುಮಿತ್ರವ್ವ ಪಕ್ಕದಲ್ಲಿ ನಿಂತು ಮುಂಗೈ ಹಿಡಿದುಕೊಂಡಿರುವಾಗ ಮಾತ್ರ. ಇಪ್ಪತ್ತಾರು ಹುಡುಗಿಯರಲ್ಲಿ ಕೌಸರಳ ಬೆರಳೇ ಚುರುಕು ಎಂದು ಸುಮಿತ್ರವ್ವ ಎಲ್ಲರ ಎದುರಿಗೇ ಹೇಳಿದ್ದಳು. ಗದಗಿನ ಒಂದು ಲ್ಯಾಬಿನ ಮಾಲೀಕ ಅಝೀಮ ಎಂಬವನು ಸುಮಿತ್ರವ್ವನಿಗೆ ಹೇಳಿಯೂ ಕಳಿಸಿದ್ದ: ನಿಮ್ಮ ಕೈಯಲ್ಲಿ ಕಲಿತವರನ್ನು ಕಳಿಸಿ, ಬೇರೇನೂ ಕೇಳುವುದಿಲ್ಲ ಎಂದು. ಸುಮಿತ್ರವ್ವ ಕೌಸರಳ ಹೆಸರನ್ನು ಆಗಲೇ ಕೊಟ್ಟುಬಿಟ್ಟಿದ್ದಳು.

ಇಪ್ಪತ್ತಾರರಲ್ಲಿ ಏಳು ಜನ ಲಕ್ಷ್ಮೇಶ್ವರದವರೇ, ನಡೆದು ಬರುತ್ತಿದ್ದರು. ಉಳಿದ ಹತ್ತೊಂಬತ್ತು ಜನ ಶಿರಹಟ್ಟಿಯವರು, ಇಲ್ಲವೇ ಆ ದಾರಿಯ ಹಳ್ಳಿಗಳವರು. ಅವರೆಲ್ಲ ಬರುತ್ತಿದ್ದುದು ದ್ಯಾಮಪ್ಪನ ಹಳೆಯ ಟ್ರ್ಯಾಕ್ಸ್ ಜೀಪಿನಲ್ಲಿ. ಒಬ್ಬರ ತೊಡೆಯ ಮೇಲೆ ಒಬ್ಬರು, ಟಿಫಿನ್ ಡಬ್ಬಿಯ ಮೇಲೆ ಮತ್ತೊಬ್ಬರ ಮೊಳಕೈ. ದ್ಯಾಮಪ್ಪ ಹೇಗೂ ಲಕ್ಷ್ಮೇಶ್ವರದ ಪೇಟೆಗೆ ದಿನಾ ಹೋಗುವವನೇ. ಹುಡುಗಿಯರು ಬರಲಿ ಬಿಡಲಿ, ಅವನ ಡೀಸೆಲ್ ಸುಡುವುದು ಸುಟ್ಟೇ ಸುಡುತ್ತಿತ್ತು.

ಆ ವರ್ಷ ಸಂಸ್ಥೆಯ ಕಾರ್ಯದರ್ಶಿ ಅಂದಾನಪ್ಪನವರಿಗೆ ಹಸಿರು ಹುಚ್ಚು ಹಿಡಿಯಿತು. ಮೇಲಿನಿಂದ ತಪಾಸಣೆಯವರು ಬರುವವರಿದ್ದರು. ಪರಿಸರದ ಕೆಲಸಕ್ಕೆ ಅಂಕ ಇದ್ದವು. ಒಂದು ದಿನ ಕಾರಿನಲ್ಲಿ ಬಂದು, ಕಾರನ್ನು ಚಾಲೂ ಇಟ್ಟುಕೊಂಡೇ ಒಳಗೆ ಬಂದು, ಹುಡುಗಿಯರಿಗೆ ಒಂದು ಕೆಲಸ ಹೇಳಿದರು. ಕೋಣೆಯಲ್ಲಿ ಕೂರಿಸಿ ಪಾಠ ಹೇಳಿದರೆ ಪರಿಸರಕ್ಕೆ ಎಷ್ಟು ಹಾನಿ, ದೂರಶಿಕ್ಷಣ ಕೊಟ್ಟರೆ ಎಷ್ಟು ಹಾನಿ, ಲೆಕ್ಕ ಹಾಕಿ ವರದಿ ಬರೆಯಬೇಕು. “ನಿಮ್ಮಾಗ ಲೆಕ್ಕದಾಗ ಶಾಣ್ಯಾರು ಯಾರದೀರಿ?” ಎಂದರು. ಎಲ್ಲರೂ ಕೌಸರಳ ಕಡೆ ಕೈ ತೋರಿಸಿದರು.

ಅವಳು ಮೈಮೇಲೆ ಬಂದವರ ಹಾಗೆ ದುಡಿದಳು. ಎರಡು ಫ್ಯಾನು, ಮೂರು ಟ್ಯೂಬ್‌ಲೈಟು ದಿನಕ್ಕೆ ಎಷ್ಟು ತಾಸು ಉರಿಯುತ್ತವೆ ಎಂದು ಬರೆದಿಟ್ಟಳು. ಕಾಗದ ತೂಗಿದಳು. ದೂರಶಿಕ್ಷಣವಾದರೆ ಇಪ್ಪತ್ತಾರು ಫೋನು ಬೇಕು, ಅವು ಎಲ್ಲಿ ತಯಾರಾಗುತ್ತವೆ, ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತವೆ, ಕರೆಂಟು ಹೋದಾಗ ಮೊಬೈಲ್ ಟವರಿನ ಜನರೇಟರು ಎಷ್ಟು ಡೀಸೆಲ್ ಕುಡಿಯುತ್ತದೆ, ಅದನ್ನೂ ಕೇಳಿ ಬರೆದಳು. ಕೊನೆಗೆ ಚೀಟಿ ಹರಿದು ಟ್ರ್ಯಾಕ್ಸ್‌ನಲ್ಲೇ ಹಂಚಿದಳು: ಕ್ಲಾಸಿಗೆ ಹೇಗೆ ಬರುತ್ತೀರಿ? ಹತ್ತೊಂಬತ್ತು ಹುಡುಗಿಯರೂ ಮೊಣಕಾಲ ಮೇಲೆ ಚೀಟಿ ಇಟ್ಟು, ಕುಲುಕಾಟದಲ್ಲಿ ಅಕ್ಷರ ಸೊಟ್ಟ ಮಾಡಿಕೊಂಡು, ‘ಗಾಡಿ’ ಎಂದು ಬರೆದರು.

“ನನಗೂ ಒಂದು ಚೀಟಿ ಕೊಡವಾ,” ಎಂದ ದ್ಯಾಮಪ್ಪ ಮುಂದಿನಿಂದ. “ನಾನೂ ಗಾಡೀಗೇ ಬರ್ತೀನಿ.”

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೌಸರಳ ಗೆಳತಿ ಸ್ನೇಹಾ ಅವಳ ಪಕ್ಕದಲ್ಲೇ ಇದ್ದಳು, “ಬರದುಬಿಡು, ದ್ಯಾಮಣ್ಣ ಮೂರನೇ ಬೆಂಚಿನಾಗ ಕುಂಡ್ರತಾನ ಅಂತ,” ಎಂದಳು. ಯಾವ ಗಾಡಿ ಎಂದು ಬರೆಯಬೇಕೆಂದು ಆ ಟ್ರ್ಯಾಕ್ಸ್‌ನಲ್ಲಿ ಯಾರಿಗೆ ತಾನೇ ಹೊಳೆಯಬೇಕು? ಎಲ್ಲರೂ ಅದರೊಳಗೇ ಕೂತಿದ್ದರಲ್ಲ.

ಚೀಟಿಗಳು ಗದಗಿನ ಆಫೀಸಿಗೆ ಹೋದವು. ಅಲ್ಲಿ ಕಂಪ್ಯೂಟರಿನ ಕೆಲಸ ನೋಡುವವನು ನಂದೀಶ, ಮೈಸೂರು ಕಡೆಯ ಹುಡುಗ, ಬಂದು ಆರು ತಿಂಗಳಾಗಿತ್ತು. ಅವನ ಊರಲ್ಲಿ ಗಾಡಿ ಎಂದರೆ ಬೈಕು, ಮುಗಿಯಿತು. ಒಂದು ಚೀಟಿಗೆ ಒಂದು ಬೈಕು. ಹತ್ತೊಂಬತ್ತು ಚೀಟಿ, ಹತ್ತೊಂಬತ್ತು ಬೈಕು, ದಿನಾ ಹೋಗಿ ಬರುವ ದೂರ, ವರ್ಷದ ದಿನಗಳು. ಗುಂಡಿ ಒತ್ತಿದ. ವರ್ಷಕ್ಕೆ ಐದೂವರೆ ಟನ್ ಹೊಗೆ ಎಂದು ಬಂತು. ಫೋನು, ಟವರು, ಜನರೇಟರಿನ ಹಾಳೆಗಳಿಗೆ ಕಂಪ್ಯೂಟರಿನಲ್ಲಿ ಖಾನೆ ಇರಲಿಲ್ಲ, ಅವನ್ನು ಬಿಟ್ಟ. ಪಾಪ, ಅವನಿಗೆ ಯಾರ ಮೇಲೂ ಹಗೆ ಇರಲಿಲ್ಲ. ಇಂಥ ಕೆಲಸಕ್ಕೆ ಹಗೆ ಬೇಕಾಗುವುದೂ ಇಲ್ಲ.

ಬಣ್ಣದ ರಟ್ಟು ಹಾಕಿದ ಇಂಗ್ಲಿಷ್ ವರದಿಯನ್ನು ಅವನೇ ಲಕ್ಷ್ಮೇಶ್ವರಕ್ಕೆ ತಂದ. ರಟ್ಟಿನ ಮೇಲೆ ಕೌಸರಳ ಹೆಸರು ಹೊಳೆಯುತ್ತಿತ್ತು. ಅವಳು ಪುಟ ತಿರುವಿದಳು.

“ಐದೂವರೆ ಟನ್ನಾ? ಇಷ್ಟ್ಯಾಕ ಬಂತ್ರೀ ಸರ?”

“ಅಷ್ಟೇ ಬಂದಿದ್ದು ಕಣಮ್ಮ. ನಿಂದೇ ಚೀಟಿ, ನಿಂದೇ ಡೇಟಾ. ಸೈನ್ ಹಾಕು, ಫೋಟೋದವರು ಕಾಯ್ತಿದಾರೆ.”

ಇಲ್ಲಿ ಒಂದು ಮಾತು ಹೇಳಲೇಬೇಕು, ಕೌಸರಳ ಮೇಲೆ ಎಷ್ಟೇ ಕರುಣೆ ಇದ್ದರೂ. ‘ಟೂ ವೀಲರ್’ ಎಂಬ ಎರಡು ಶಬ್ದ, ಅದರ ಮುಂದೆ ಹತ್ತೊಂಬತ್ತು ಎಂಬ ಅಂಕಿ, ಎರಡೂ ಅವಳ ಕಣ್ಣಿಗೆ ಬಿದ್ದವು. ಒಂದು ಗಳಿಗೆ ಏನೋ ತಪ್ಪಿದೆ ಅನ್ನಿಸಿತು ಕೂಡ. ಆದರೆ ಐದೂವರೆ ಟನ್ ಎಂಬುದು ದೊಡ್ಡ ಮಾತಾಗಿ ಕಂಡಿತು. ಪ್ರಶಸ್ತಿ ಬರುವಂಥ ಅಂಕಿ. ಕ್ಯಾಮೆರಾದವನು ಸ್ವಲ್ಪ ನಗಿರಿ ಎಂದ. ಅವಳು ನಗುತ್ತ ಸಹಿ ಮಾಡಿದಳು.

ಜೂನ್ ಐದರ ಪರಿಸರ ದಿನದಂದು ಗದಗಿನಲ್ಲಿ ದೊಡ್ಡ ಸಮಾರಂಭ. ನಬಿಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎರಡನೆಯ ಸಾಲಿನಲ್ಲಿ ಕೂತು, ಕೆಮ್ಮು ಬಂದಾಗಲೆಲ್ಲ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ಕೌಸರಳಿಗೆ ಶಾಲು ಹೊದಿಸಿದರು. ಕೈಗೆ ಒಂದು ಬೇವಿನ ಸಸಿ ಕೊಟ್ಟರು, ಪ್ಲಾಸ್ಟಿಕ್ ಚೀಲದಲ್ಲಿ. ಅಂದಾನಪ್ಪನವರು ಮೈಕು ಹಿಡಿದರು.

“ನಮ್ಮ ವಿದ್ಯಾರ್ಥಿನಿಯೇ ಸಂಶೋಧನೆ ಮಾಡಿ ನಮ್ಮ ಕಣ್ಣು ತೆರೆಸಿದ್ದಾಳೆ. ಆಕೆಯ ವರದಿಯನ್ನು ಒಪ್ಪಿಕೊಂಡು, ಲಕ್ಷ್ಮೇಶ್ವರದ ತರಗತಿಗಳನ್ನು ಬರುವ ಜುಲೈಯಿಂದ ಸಂಪೂರ್ಣ ದೂರಶಿಕ್ಷಣಕ್ಕೆ ಬದಲಾಯಿಸುತ್ತಿದ್ದೇವೆ. ಹತ್ತೊಂಬತ್ತು ವಾಹನಗಳನ್ನು ರಸ್ತೆಯಿಂದ ಇಳಿಸಿದ ಹೆಮ್ಮೆ ನಮ್ಮದು!”

ಚಪ್ಪಾಳೆ ಬಿದ್ದವು. ಸಸಿಯನ್ನು ಕಂಕುಳಲ್ಲಿ ಒತ್ತಿಕೊಂಡು ಕೌಸರಳೂ ಚಪ್ಪಾಳೆ ತಟ್ಟಿದಳು. ಮೂರೋ ನಾಲ್ಕೋ ಬಾರಿ ತಟ್ಟಿದ ಮೇಲೆ ಮಾತಿನ ಅರ್ಥ ಇಳಿಯಿತು. ಕೈಗಳು ನಿಂತವು. ಕೆಳಗೆ ಅಪ್ಪ ಇನ್ನೂ ತಟ್ಟುತ್ತಲೇ ಇದ್ದ.

ಮರುದಿನವೇ ಅವಳು ಗದಗಿನ ಆಫೀಸಿಗೆ ಓಡಿದಳು. ಅಂದಾನಪ್ಪನವರು ಚಹಾ ತರಿಸಿ ಕೊಟ್ಟರು. ಅವರು ಬೈಯುವ ಮನುಷ್ಯರಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಸರ, ಅದು ತಪ್ಪು ಲೆಕ್ಕರಿ. ಹತ್ತೊಂಬತ್ತು ಗಾಡಿ ಅಲ್ರಿ, ಒಂದs ಗಾಡಿ. ಎಲ್ಲಾರೂ ದ್ಯಾಮಣ್ಣನ ಟ್ರ್ಯಾಕ್ಸಿನ್ಯಾಗ ಬರ್ತೀವ್ರಿ.”

“ಹೌದೇನವ್ವ? ಹಂಗಾದ್ರ ಟ್ರ್ಯಾಕ್ಸ್ ಅಂತ ಬರೀಬೇಕಾಗಿತ್ತು.”

“ನಾವು ಅದಕ್ಕ ಗಾಡಿ ಅಂತೀವ್ರಿ ಸರ. ನೀವೂ ಇದs ಸೀಮ್ಯಾವ್ರು, ನಿಮಗ ಗೊತ್ತಿಲ್ಲೇನ್ರಿ?”

“ನನಗ ಗೊತ್ತೈತಿ. ತಪಾಸಣಿಯವ್ರಿಗಿ ಹೆಂಗ ಗೊತ್ತಾಗಬೇಕು?” ಎಂದು ಅವರು ವರದಿಯ ಕೊನೆಯ ಪುಟ ತೆರೆದು ಅವಳ ಕಡೆ ತಿರುಗಿಸಿದರು. “ಈ ಸಹಿ ಯಾರದು?”

ಅವಳು ವರದಿಯ ಪುಟಗಳನ್ನು ಹಿಂದಕ್ಕೆ ತಿರುವಿದಳು.

“ಫೋನಿಂದೂ ಬರದಿದ್ನೆಲ್ರಿ, ಟವರಿಂದೂ… ಅದ್ಯಾವುದೂ ವರದಿಯಾಗ ಇಲ್ರಿ.”

“ನೋಡವ್ವ ಕೌಸರ, ಕ್ಲಾಸಿನ ಆ ಎರಡು ಕ್ವಾಣಿ ಆಗಲೇ ಬ್ಯಾರೇದವ್ರಿಗಿ ಕೊಟ್ಟಾಗೇತಿ. ತಂಪು ಪಾನೀಯದ ಏಜೆನ್ಸಿಯವ್ರು. ಇನ್ನ ಹಿಂದ ಸರಿಯಾಕ ಬರಂಗಿಲ್ಲ. ಚಹಾ ಕುಡಿ, ಆರ್ತೈತಿ.”

ಕೇಳಿದಿರಲ್ಲ! ಮೂರು ಟ್ಯೂಬ್‌ಲೈಟು ಉರಿದರೆ ಭೂಮಿ ಬಿಸಿಯಾಗುತ್ತದೆಂದು ಹೆಣ್ಣುಮಕ್ಕಳನ್ನು ಎಬ್ಬಿಸಿ ಕಳಿಸಿದ ಕೋಣೆಯಲ್ಲಿ, ಹಗಲೂ ರಾತ್ರಿ ಗುರುಗುಟ್ಟುವ ಒಂಬತ್ತು ಫ್ರಿಜ್ಜುಗಳು ಬಂದು ಕೂತವು. ಅದರ ಲೆಕ್ಕ ಬರೆಯಲು ಯಾವ ಹುಡುಗಿಗೂ ಯಾರೂ ಹೇಳಲಿಲ್ಲ.

ಜುಲೈಯಲ್ಲಿ, ಸೂಜಿ ಹಿಡಿಯಬೇಕಾದ ಎರಡನೆಯ ವರ್ಷದ ಹೊತ್ತಿಗೇ, ದೂರಶಿಕ್ಷಣ ಶುರುವಾಯಿತು. ನಬಿಸಾಬನ ಓಣಿಯಲ್ಲಿ ಫೋನಿನ ಸಿಗ್ನಲ್ ಸಿಗುವುದಿಲ್ಲ, ಮಾತಾಡಬೇಕೆಂದರೂ ಮಾಳಿಗೆ ಹತ್ತಬೇಕು. ಫೋನು ಕೂಡ ಅಣ್ಣ ನಯಾಜನದು. ಅವನು ಬೈಕಿನ ಮೇಲೆ ತಂಗಿಯನ್ನು ಕೂರಿಸಿಕೊಂಡು ಊರ ಹೊರಗಿನ ದಿಬ್ಬಕ್ಕೆ ಕರೆದುಕೊಂಡು ಹೋದ. ಅಲ್ಲಿ ನೋಡಿದರೆ ಹತ್ತೋ ಹನ್ನೊಂದೋ ಬೈಕುಗಳು ಆಗಲೇ ನಿಂತಿದ್ದವು. ಒಂದೊಂದರ ಪಕ್ಕ ಒಬ್ಬೊಬ್ಬ ಅಣ್ಣ, ಮಾವ, ಕಾಕಾ. ಕ್ಲಾಸು ಮುಗಿಯಲೆಂದು ಕಾಯುತ್ತ, ಬೇಸರಕ್ಕೆ ಆಕ್ಸಿಲರೇಟರ್ ತಿರುವುತ್ತಿದ್ದರು. ಮಳೆ ಹನಿದ ದಿನ ಇನ್ನೂ ದೂರ, ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ತನಕ ಹೋಗಬೇಕಾಗುತ್ತಿತ್ತು, ಸೂರು ಮತ್ತು ಸಿಗ್ನಲ್ ಎರಡೂ ಒಂದೇ ಕಡೆ ಸಿಗಲೆಂದು.

ದ್ಯಾಮಪ್ಪ ದಿಬ್ಬದ ಕೆಳಗೆ ಹಾದುಹೋಗುವಾಗ ಟ್ರ್ಯಾಕ್ಸ್ ನಿಲ್ಲಿಸಿದ. ಹಿಂದೆ ಇಬ್ಬರು ಮುದುಕರು, ಒಂದು ಮೆಣಸಿನಕಾಯಿ ಚೀಲ. ಸಾಲಾಗಿ ನಿಂತ ಬೈಕುಗಳನ್ನು ಎಣಿಸಿದ.

“ಈಗ ಖರೇ ಆತು ನೋಡವಾ ನಿನ್ನ ಲೆಕ್ಕ!” ಎಂದು ಕೂಗಿ ಹೇಳಿ, ಗೇರು ಹಾಕಿಕೊಂಡು ಹೋದ.

ಅವನು ನಕ್ಕೇ ಹೇಳಿದ್ದು. ಕೌಸರ ಮಾತ್ರ ಬೈಕುಗಳನ್ನು ಮತ್ತೊಮ್ಮೆ ಎಣಿಸಿದಳು.

ಸುಮಿತ್ರವ್ವ ಮುಂಡರಗಿಯ ಮಗಳ ಮನೆಗೆ ಹೋಗಿಬಿಟ್ಟಿದ್ದಳು. ಅಲ್ಲಿಂದಲೇ ಫೋನಿನಲ್ಲಿ ಪಾಠ. ಅವಳ ಮುಖ ಅರ್ಧ ಕಾಣುತ್ತಿತ್ತು, ಸೂಜಿ ಹಿಡಿದ ಕೈ ಕಾಣುವ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. “ಸೂಜಿ ಎಷ್ಟು ಓರೆ ಹಿಡದೀನಿ, ಕಾಣ್ತೈತೇನ್ರೆ?” ಎಂದು ಕೂಗುತ್ತಿದ್ದಳು. ಕಾಣುವುದಿಲ್ಲ ಎಂದರೆ ಮತ್ತೆ ಮೊದಲಿಂದ ತೋರಿಸುತ್ತಾಳೆ, ಅಣ್ಣಂದಿರಿಗೆ ಹೊತ್ತಾಗುತ್ತದೆ. ಅದಕ್ಕೆ ಹುಡುಗಿಯರೆಲ್ಲ “ಕಾಣ್ತೈತ್ರೀ ಮೇಡಂ,” ಎಂದುಬಿಡುತ್ತಿದ್ದರು. ಒಂದು ದಿನ ಸುಮಿತ್ರವ್ವ ಸೂಜಿ ಕೆಳಗಿಟ್ಟಳು. “ನಿಮ್ಮ ಕೈ ಹಿಡಿಲಾರದ ನಾ ಹೆಂಗ ಕಲಿಸ್ಲಿರೇ?” ಎಂದಳು. ಅಷ್ಟು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ದಸರೆಯ ಹೊತ್ತಿಗೆ ದಿಬ್ಬದ ಮೇಲೆ ಐದು ಬೈಕು ಉಳಿದವು. ದಿನಾ ಕರೆದುಕೊಂಡು ಬರಲು ಯಾವ ಅಣ್ಣನಿಗೆ ಪುರಸತ್ತು? ಮೊದಲು ಬಿಟ್ಟವರಲ್ಲಿ ಸ್ನೇಹಾ ಒಬ್ಬಳು. ಕೌಸರ ಅವಳ ಮನೆಗೆ ಹೋಗಿ, ನಾಳೆಯಿಂದ ನಮ್ಮ ಬೈಕಿನಲ್ಲೇ ಬಾ, ಮೂವರೂ ಹೋಗೋಣ ಎಂದಳು. ಸ್ನೇಹಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

“ಎದಕ್ಕ ಬರ್ಲಿ? ದಿಬ್ಬದ ಮ್ಯಾಲ ನಿಂತು ಸಿಗ್ನಲ್ ಹುಡುಕಾಕೇನು? ನಾ ನರ ಹುಡುಕಾಕ ಬಂದಾಕಿ.”

“ನಾ ಬೇಕಂತ ಮಾಡಿಲ್ಲ ಸ್ನೇಹಾ.”

“ಗೊತ್ತೈತಿ. ಒಂದು ಖರೆ ಹೇಳು. ಸಹಿ ಮಾಡೂ ಮುಂದ ಓದಿದ್ದಿ, ಹೌದಿಲ್ಲೋ?”

ಕೌಸರಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಓದಿದ್ದೆ,” ಎಂದಳು. ಸ್ನೇಹಾ ಹಿಟ್ಟಿನ ಕೈಯಿಂದಲೇ ಬಾಗಿಲ ಕಡೆ ತೋರಿಸಿದಳು. ಆಮೇಲೆ ಅವರಿಬ್ಬರೂ ಮಾತಾಡಿಲ್ಲ.

ಕೌಸರ ಮಾತ್ರ ಬಿಡಲಿಲ್ಲ. ಔಷಧದ ಅಂಗಡಿಯಿಂದ ಸಿರಿಂಜು ತಂದಳು, ತಾಯಿ ರಸೂಲಬಿ ತನ್ನ ಕೈಯನ್ನೇ ಚಾಚಿದಳು. ಬೆರಳಿಗೆ ನರ ಸಿಗುತ್ತಿತ್ತು. ಸೂಜಿ ಚರ್ಮ ದಾಟಿದ ಮೇಲೆ ಏನಾಗುತ್ತದೆಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ನರವನ್ನು ತೂರಿ ಆಚೆ ಹೋಗಿಬಿಡುತ್ತಿತ್ತು, ಇಲ್ಲವೇ ಪಕ್ಕಕ್ಕೆ ಜಾರುತ್ತಿತ್ತು. ಮುಂಗೈ ಹಿಡಿದು ‘ಸಾಕು, ಅಲ್ಲೇ ನಿಲ್ಲಿಸು’ ಎನ್ನುವವರು ಯಾರೂ ಇರಲಿಲ್ಲ. ನಾಲ್ಕನೆಯ ದಿನಕ್ಕೆ ತಾಯಿಯ ಮೊಳಕೈ ನೀಲಿಯಾಗಿ ಬಾತುಕೊಂಡಿತು. ನಬಿಸಾಬ ನೋಡಿ ಸಿರಿಂಜುಗಳನ್ನೆಲ್ಲ ತೆಗೆದು ಒಲೆಗೆ ಹಾಕಿದ. ಪ್ಲಾಸ್ಟಿಕ್ಕಿನ ಕಮಟು ಹೊಗೆ ಮನೆಯೆಲ್ಲ ತುಂಬಿ, ಅವನು ಅರ್ಧ ತಾಸು ಕೆಮ್ಮಿದ.

ಪರೀಕ್ಷೆಯೂ ಫೋನಿನಲ್ಲೇ ಆಯಿತು. ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತು ಎನ್ನುವ ಪರೀಕ್ಷೆ. ಕೌಸರ ನೂರಕ್ಕೆ ತೊಂಬತ್ನಾಲ್ಕು ತೆಗೆದಳು. ಡಿಪ್ಲೊಮಾ ಹಿಡಿದುಕೊಂಡು ಅವಳು ಗದಗಿಗೆ, ಅಝೀಮನ ಲ್ಯಾಬಿಗೆ ಹೋದಳು. ಅವನು ಸರ್ಟಿಫಿಕೇಟನ್ನು ನೋಡಲೇ ಇಲ್ಲ.

“ಸುಮಿತ್ರವ್ವನ ಹುಡುಗಿ ಅಲ್ಲೇನು? ನಿನ್ನ ಹೆಸರು ಅವ್ರು ಭಾಳ ಸಲ ಹೇಳ್ಯಾರ. ಕಾಗದ ಇರ್ಲಿ, ಅಲ್ಲಿ ಅಜ್ಜಿ ಕುಂತಾಳ ನೋಡು, ಸಕ್ಕರಿ ಟೆಸ್ಟಿಗಿ ಬಂದಾಳ. ರಕ್ತ ತೆಗಿ.”

ಅಜ್ಜಿಯ ಹೆಸರು ಕರಿಯವ್ವ, ಮಲ್ಲಸಮುದ್ರದಿಂದ ಬಂದವಳು. ಕೈ ಒಣಗಿದ ಕಟ್ಟಿಗೆ, ಚರ್ಮ ಮಾತ್ರ ಸಡಿಲ. ಕೌಸರ ಪಟ್ಟಿ ಬಿಗಿದಳು, ಕಣ್ಣು ಮುಚ್ಚಿ ಬೆರಳು ಇಟ್ಟಳು. ನರ ಅಲ್ಲೇ ಇತ್ತು. ಸೂಜಿ ಹಾಕಿದಳು. ನರ ಜಾರಿತು. ಅಜ್ಜಿ ಹಲ್ಲು ಕಚ್ಚಿದಳು. ಎರಡನೆಯ ಸಲ ತೂರಿ ಹೋಯಿತು, ಚರ್ಮದ ಕೆಳಗೆ ಸಣ್ಣ ಗಂಟು ಎದ್ದಿತು. ಮೂರನೆಯ ಸಲವೂ ರಕ್ತ ಬರಲಿಲ್ಲ. ಅಝೀಮ ಎದ್ದು ಬಂದು ಅವಳ ಕೈಯಿಂದ ಸಿರಿಂಜು ತೆಗೆದುಕೊಂಡ. ಹೊಸ ಸೂಜಿ ಹಾಕಿ, ಅಜ್ಜಿಯ ಇನ್ನೊಂದು ಕೈಯಲ್ಲಿ ಒಂದೇ ಸಲಕ್ಕೆ ರಕ್ತ ಎಳೆದ. ಆಮೇಲೆ ಡಿಪ್ಲೊಮಾ ತೆಗೆದು ಓದಿದ. ‘ದೂರಶಿಕ್ಷಣ’ ಎಂಬ ಶಬ್ದದ ಮೇಲೆ ಅವನ ಹೆಬ್ಬೆರಳು ನಿಂತಿತು.

“ಮತ್ತ ಯಾವಾಗರ ನೋಡೂಣಂತ,” ಎಂದು ಕಾಗದ ತಿರುಗಿ ಕೊಟ್ಟು ಒಳಗೆ ಹೋದ.

ಕೌಸರ ಹತ್ತಿ ತೆಗೆದುಕೊಂಡು ಅಜ್ಜಿಯ ಕೈ ಒತ್ತಿ ಹಿಡಿದು ಕೂತಳು. ಮೂರು ಕಡೆ ಕಪ್ಪಗಾಗುತ್ತಿತ್ತು. ಅವಳ ಕಣ್ಣೀರು ಹತ್ತಿಯ ಮೇಲೆ ಬಿತ್ತು. ಕರಿಯವ್ವ ಅವಳನ್ನೇ ನೋಡಿದಳು.

“ಅಳಬ್ಯಾಡವಾ. ನನಗೇನೂ ನೋವಾಗಿಲ್ಲ. ಯಾಕ, ಸಾಲ್ಯಾಗ ಕಲಿಸಿಲ್ಲೇನು ನಿನಗ?”

“ಸಾಲಿ ಬಂದ್ ಆತಬೇ. ಸೂಜಿ ಹಿಡಿಯೂದು ಕಲಿಯೂದ್ರಾಗs ಬಂದ್ ಆತು.”

“ಅಯ್ಯs ನಮ್ಮವ್ವಾ! ಹೆಣಮಕ್ಳು ಕಲಿಯೂ ಸಾಲಿ ಬಂದ್ ಮಾಡಿದ್ರs?” ಅಜ್ಜಿಗೆ ಸಿಟ್ಟು ನೆತ್ತಿಗೇರಿತು. “ಯಾವ ಹಾಟ್ಯಾ ಬಂದ್ ಮಾಡಿದಾಂವ? ಅದಕ್ಕ ಸಹಿ ಹಾಕಿದ ಕೈ ಲಕ್ವಾ ಹೊಡದು ಸೇದಿ ಹೋಗ್ಲಿ!”

ಕೌಸರ ತನ್ನ ಬಲಗೈಯನ್ನು ನೋಡಿಕೊಂಡಳು.

“ಹೋಗೇತಬೇ,” ಎಂದಳು.